ಹಾಡಿದರೆ ಕೊಲೆ ನಿಲ್ಲುತ್ತದೆಯೇ?

ಪ್ರಶ್ನೆ: ನಾನು ಚಿತ್ರದುರ್ಗ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ನಮ್ಮಲ್ಲಿ ಬೆಳಗಿನ ಪ್ರಾರ್ಥನೆ ಹೊತ್ತಿಗೆ ಆಗಾಗ ‘ಹಮ್ ಹೋಂಗೇ ಕಾಮ್‌ಯಾಬ್’ ಹಾಡಿಸುತ್ತೇವೆ. ಇದರ ಮೂಲ ಅಮೆರಿಕದ ಕಪ್ಪು ಜನರ ಹೋರಾಟದ ಹಾಡು ಅಂತ ಮೊನ್ನೆ ಮಕ್ಕಳಿಗೆ ಹೇಳಿದೆ. ಮನೆಗೆ ಬಂದು ಅದನ್ನೇ ಹೇಳಿದರೆ ಇಂಜಿನಿಯರಿಂಗ್ ಓದುವ ನನ್ನ ಅಕ್ಕನ ಮಗ ನಕ್ಕುಬಿಟ್ಟ. “ಚಿಕ್ಕಮ್ಮ, ಹಾಡಿನಿಂದ ಯಾರ ಪ್ರಾಣ ಉಳಿದಿದೆ? ಕಪ್ಪು ಜನರನ್ನು ಗುಂಪು ಕಟ್ಟಿ ನೇತುಹಾಕುತ್ತಿದ್ದರಲ್ಲ, ಕಾನೂನು ಬಂತು, ಕೊಲೆ ನಿಂತಿತು. ಹಾಡು ಸುಮ್ನೆ ಜೊತೆಗಿತ್ತು ಅಷ್ಟೆ” ಅಂದ. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಅವನು ಹೇಳಿದ್ದು ಸರಿಯೇ? ಮಕ್ಕಳಿಗೆ ಯಾವ ಹಾಡು ಕೇಳಿಸಬಹುದು?

ಉತ್ತರ: ನಿಮ್ಮ ಅಕ್ಕನ ಮಗ ಅರ್ಧ ಸರಿ. ಹಾಡು ಕೇಳಿ ಯಾವ ಕೊಲೆಗಾರನೂ ಹಗ್ಗ ಕೆಳಗಿಟ್ಟಿದ್ದಕ್ಕೆ ದಾಖಲೆ ಇಲ್ಲ. ಆದರೆ “ಕಾನೂನು ಬಂತು, ಕೊಲೆ ನಿಂತಿತು” ಎಂಬ ಇನ್ನರ್ಧ ಇದೆಯಲ್ಲ, ಅದನ್ನು ಅವನು ಇತಿಹಾಸದ ಪುಸ್ತಕದಲ್ಲಿ ಓದಿರಲಾರ. ಗುಂಪುಹತ್ಯೆಯನ್ನೇ ಹೆಸರಿಸಿ ಅಪರಾಧ ಎನ್ನುವ ಕೇಂದ್ರ ಕಾನೂನು ಅಮೆರಿಕದಲ್ಲಿ ಬಂದಿದ್ದು ಯಾವಾಗ ಗೊತ್ತೇ? 2022ರ ಮಾರ್ಚ್ 29ರಂದು. ಅಂಥದ್ದೊಂದು ಮಸೂದೆಯನ್ನು ಅಲ್ಲಿನ ಕೆಳಮನೆ 1922ರಲ್ಲೇ ಪಾಸು ಮಾಡಿತ್ತು. ಸೆನೆಟ್‌ನಲ್ಲಿ ದಕ್ಷಿಣ ರಾಜ್ಯಗಳ ಸದಸ್ಯರು ಮಾತು ಎಳೆದೆಳೆದು ಅದನ್ನು ಮುಳುಗಿಸಿದರು. ಆಮೇಲೆ ಬಂದ ಮಸೂದೆಗಳಿಗೂ ಅದೇ ಗತಿ. ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತಾರಲ್ಲ, ಹಾಗಾಯಿತು. ಟಸ್ಕೆಗೀ ಎಂಬ ಕಪ್ಪು ಜನರ ವಿದ್ಯಾಸಂಸ್ಥೆ ಇಟ್ಟ ಲೆಕ್ಕದ ಪ್ರಕಾರ 1882ರಿಂದ 1968ರವರೆಗೆ ಅಲ್ಲಿ ಗುಂಪುಹತ್ಯೆಗೆ ಬಲಿಯಾದವರು 4,743 ಮಂದಿ. ಅವರಲ್ಲಿ 3,446 ಜನ ಕಪ್ಪು ಜನಾಂಗದವರು. ಇದು ದಾಖಲೆಗೆ ಸಿಕ್ಕ ಲೆಕ್ಕ ಮಾತ್ರ.

ಈಗ ಪ್ರಶ್ನೆ ಬದಲಾಯಿತು, ಅಲ್ವಾ? ಸರ್ಕಾರ ಬಾಯಿ ಬಿಡದ ಆ ನೂರು ವರ್ಷ ಹಾಡು ಏನು ಮಾಡುತ್ತಿತ್ತು?

ಒಂದು ಫೋಟೋದಿಂದ ಶುರು ಮಾಡುತ್ತೇನೆ. 1930ರ ಆಗಸ್ಟ್ 7ರ ರಾತ್ರಿ, ಇಂಡಿಯಾನಾ ರಾಜ್ಯದ ಮೇರಿಯನ್ ಎಂಬ ಊರು. ಥಾಮಸ್ ಶಿಪ್, ಏಬ್ರಮ್ ಸ್ಮಿತ್ ಎಂಬ ಇಬ್ಬರು ಕಪ್ಪು ಯುವಕರನ್ನು ಜನ ಜೈಲಿನಿಂದ ಎಳೆದು ತಂದು, ಬಡಿದು, ಕೋರ್ಟಿನ ಅಂಗಳದ ಮರಕ್ಕೆ ನೇತುಹಾಕಿದರು. ಸಾವಿರಾರು ಜನ ಜಾತ್ರೆಗೆ ಬಂದ ಹಾಗೆ ಬಂದಿದ್ದರು. ಊರಿನ ಸ್ಟುಡಿಯೋದವನೊಬ್ಬ ಫೋಟೋ ತೆಗೆದ. ಅದರಲ್ಲಿ ಮೇಲೆ ಎರಡು ಹೆಣ, ಕೆಳಗೆ ನಗುವ ಮುಖಗಳು. ಒಬ್ಬ ಬೆರಳು ತೋರಿಸುತ್ತಿದ್ದಾನೆ. ಆ ಫೋಟೋದ ಸಾವಿರಾರು ಪ್ರತಿಗಳು ಮಾರಾಟವಾದವು. ಜನ ನೆನಪಿಗೆ ಅಂತ ಕೊಂಡುಕೊಂಡರು! ಅದೇ ರಾತ್ರಿ 16 ವರ್ಷದ ಜೇಮ್ಸ್ ಕ್ಯಾಮೆರಾನ್ ಎಂಬ ಹುಡುಗನ ಕೊರಳಿಗೂ ಹಗ್ಗ ಬಿದ್ದಿತ್ತು. ಹೇಗೋ ಬದುಕಿ ಉಳಿದ. ದೊಡ್ಡವನಾದ ಮೇಲೆ, 1988ರಲ್ಲಿ, ಮಿಲ್ವಾಕಿಯಲ್ಲಿ ಈ ಇತಿಹಾಸಕ್ಕೆಂದೇ ಒಂದು ಮ್ಯೂಸಿಯಂ ಕಟ್ಟಿದ. ಕೊಂದವರಿಗೆ ಯಾವ ಶಿಕ್ಷೆಯೂ ಆಗಲಿಲ್ಲ. ಫೋಟೋದಲ್ಲಿ ಮುಖಗಳು ಎದ್ದು ಕಾಣುತ್ತಿದ್ದರೂ.

ಈ ಫೋಟೋ ನ್ಯೂಯಾರ್ಕ್‌ನ ಒಬ್ಬ ಮೇಷ್ಟ್ರ ಕಣ್ಣಿಗೆ ಬಿತ್ತು. ಹೆಸರು ಏಬೆಲ್ ಮೀರೊಪೋಲ್. ಯಹೂದಿ. ಬ್ರಾಂಕ್ಸ್‌ನ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದರು, ನಿಮ್ಮ ಹಾಗೆಯೇ ಮೇಷ್ಟ್ರು. ಫೋಟೋ ನೋಡಿ ಹಲವು ದಿನ ನಿದ್ದೆ ಬರಲಿಲ್ಲ ಎಂದು ಅವರೇ ಹೇಳಿಕೊಂಡಿದ್ದಾರೆ. ಹನ್ನೆರಡು ಸಾಲಿನ ಒಂದು ಪದ್ಯ ಬರೆದರು. 1937ರ ಜನವರಿಯಲ್ಲಿ ಅದು ಶಿಕ್ಷಕರ ಸಂಘದ ಪತ್ರಿಕೆಯಲ್ಲಿ ಅಚ್ಚಾಯಿತು. ಆಮೇಲೆ ತಾವೇ ರಾಗ ಹಾಕಿದರು. ಅವರ ಹೆಂಡತಿ ಅದನ್ನು ಸಭೆಗಳಲ್ಲಿ ಹಾಡುತ್ತಿದ್ದರು. ಇದೇ ‘ಸ್ಟ್ರೇಂಜ್ ಫ್ರೂಟ್’, ಅಂದರೆ ವಿಚಿತ್ರ ಹಣ್ಣು.

ಪದ್ಯದಲ್ಲಿ ಗುಂಪುಹತ್ಯೆ ಎಂಬ ಮಾತೇ ಇಲ್ಲ. ಘೋಷಣೆ ಇಲ್ಲ, ಬೇಡಿಕೆ ಇಲ್ಲ. ದಕ್ಷಿಣದ ಮರಗಳು ಬಿಡುವ ಒಂದು ಹಣ್ಣಿನ ವರ್ಣನೆ ಅಷ್ಟೆ. ಎಲೆಯ ಮೇಲೆ ರಕ್ತ, ಬೇರಿನಲ್ಲಿ ರಕ್ತ. ಒಂದು ಸಾಲಿನಲ್ಲಿ ಮ್ಯಾಗ್ನೋಲಿಯಾ ಹೂವಿನ ಘಮ, ಮರುಸಾಲಿನಲ್ಲಿ ಸುಟ್ಟ ಮಾಂಸದ ವಾಸನೆ. ಕೊನೆಗೆ ಅದೊಂದು ಕಹಿ ಫಸಲು. ಇಲ್ಲೊಂದು ಮಾತು ಪಕ್ಕಕ್ಕೆ: ಇಂಡಿಯಾನಾ ದಕ್ಷಿಣದ ರಾಜ್ಯವಲ್ಲ, ಉತ್ತರದ್ದು. ಹಾಡು ದಕ್ಷಿಣವನ್ನು ಹೆಸರಿಸಿದ್ದರಿಂದ ಉತ್ತರದವರು ‘ನಮ್ಮ ಕಡೆ ಹೀಗಿಲ್ಲಪ್ಪ’ ಅಂತ ನಿರಾಳವಾಗಿ ಕೇಳಿದರು. ಹಾಡಿಗೆ ಕಾರಣವಾದ ಮರ ಇದ್ದದ್ದು ಮಾತ್ರ ಅವರ ಕಡೆಯೇ.

1939ರ ಆರಂಭದಲ್ಲಿ ಈ ಹಾಡು ಕಪ್ಪು ಜನಾಂಗದ ಗಾಯಕಿ ಬಿಲ್ಲಿ ಹಾಲಿಡೇ ಅವರ ಕೈಗೆ ಬಂತು. ಅವರಿಗೆ ಆಗ 23 ವರ್ಷ. ನ್ಯೂಯಾರ್ಕ್‌ನ ಗ್ರೀನ್‌ವಿಚ್ ವಿಲೇಜ್‌ನಲ್ಲಿದ್ದ ‘ಕೆಫೆ ಸೊಸೈಟಿ’ ಎಂಬ ಕ್ಲಬ್ಬಿನಲ್ಲಿ ಹಾಡುತ್ತಿದ್ದರು. ಕಪ್ಪು ಜನ, ಬಿಳಿಯರು ಒಟ್ಟಿಗೆ ಕೂರಬಹುದಾಗಿದ್ದ ಕ್ಲಬ್ಬು ಅದು. ಆಗಿನ ಕಾಲಕ್ಕೆ ಇದೇ ದೊಡ್ಡ ಮಾತು. ಮಾಲೀಕ ಬಾರ್ನಿ ಜೋಸೆಫ್‌ಸನ್ ಒಂದು ಪದ್ಧತಿ ಮಾಡಿದ್ದ. ಈ ಹಾಡು ಯಾವಾಗಲೂ ಕೊನೆಗೆ. ಹಾಡು ಶುರುವಾಗುವ ಮುಂಚೆ ಸಪ್ಲೈಯರ್‌ಗಳು ಕೈ ಕಟ್ಟಿ ನಿಲ್ಲಬೇಕು. ಗ್ಲಾಸಿನ ಸದ್ದೂ ಕೇಳಬಾರದು. ದೀಪವೆಲ್ಲ ಆರಿಸಿ, ಹಾಲಿಡೇ ಅವರ ಮುಖದ ಮೇಲೆ ಮಾತ್ರ ಸಣ್ಣ ಬೆಳಕು. ಮುಗಿದ ತಕ್ಷಣ ಪೂರ್ತಿ ಕತ್ತಲು. ಮತ್ತೆ ದೀಪ ಹತ್ತಿದಾಗ ವೇದಿಕೆ ಖಾಲಿ. ಎಷ್ಟೇ ಚಪ್ಪಾಳೆ ತಟ್ಟಿದರೂ ಅವರು ವಾಪಸು ಬರುವಂತಿಲ್ಲ.

ಈ ಪದ್ಧತಿ ಬರೀ ನಾಟಕೀಯತೆ ಅಂತ ನನಗೆ ಅನ್ನಿಸುವುದಿಲ್ಲ. ಒಳ್ಳೆಯ ಹಾಡು ಕೇಳಿದೆವು ಎಂಬ ಖುಷಿಯನ್ನು ಕೇಳುಗರಿಂದ ಕಿತ್ತುಕೊಳ್ಳುವ ಉಪಾಯ ಅದು. ಕುಡಿಯಲು ಬಂದವರು ಏನನ್ನೋ ನೋಡಿಬಿಟ್ಟೆವು ಎಂಬ ಭಾವದಲ್ಲಿ ಮನೆಗೆ ಹೋಗಬೇಕು.

ಹಾಲಿಡೇ ಅವರ ರೆಕಾರ್ಡ್ ಕಂಪನಿ ಕೊಲಂಬಿಯಾ. ಅದು ಈ ಹಾಡನ್ನು ಮುಟ್ಟಲು ಒಪ್ಪಲಿಲ್ಲ. ದಕ್ಷಿಣದ ಅಂಗಡಿಗಳು ಮುನಿಸಿಕೊಂಡಾವು ಎಂಬ ಭಯ. ಕೊನೆಗೆ ಕಮಡೋರ್ ಎಂಬ ಸಣ್ಣ ಕಂಪನಿ ಮುಂದೆ ಬಂತು. ಅದರ ಮಾಲೀಕ ಒಂದು ರೆಕಾರ್ಡ್ ಅಂಗಡಿ ನಡೆಸುತ್ತಿದ್ದವ. 1939ರ ಏಪ್ರಿಲ್ 20ರಂದು ಧ್ವನಿಮುದ್ರಣ ಆಯಿತು. ಹಾಡು ತೀರಾ ಚಿಕ್ಕದು, ತಟ್ಟೆ ತುಂಬುವುದಿಲ್ಲ ಅಂತ ಶುರುವಿಗೆ ತುತ್ತೂರಿ, ಪಿಯಾನೋ ನುಡಿಸಿದರು. ಮೂರು ಚಿಲ್ಲರೆ ನಿಮಿಷದ ರೆಕಾರ್ಡಿನಲ್ಲಿ ಒಂದು ನಿಮಿಷ ದಾಟುವವರೆಗೂ ಗಾಯಕಿಯ ದನಿಯೇ ಇಲ್ಲ. ಆ ಕಾಯುವಿಕೆಯೇ ಈಗ ಕೇಳಿದರೆ ಎದೆ ಹಿಂಡುತ್ತದೆ. ಯೂಟ್ಯೂಬಿನಲ್ಲಿ ಕೇಳುವಾಗ ಮುಂದಕ್ಕೆ ಓಡಿಸಬೇಡಿ.

ಈ ಹಾಡಿನ ಬಗ್ಗೆ ಕಟ್ಟುಕಥೆಗಳೂ ಜಾಸ್ತಿ. ಹಾಡು ಹುಟ್ಟಿದ್ದರಲ್ಲಿ ತಮಗೂ ತಮ್ಮ ಪಿಯಾನೋ ವಾದಕನಿಗೂ ಪಾಲಿದೆ ಎಂಬಂತೆ ಹಾಲಿಡೇ ಆತ್ಮಕಥೆಯಲ್ಲಿ ಬರೆಸಿದ್ದಾರೆ. ಅದು ನಿಜವಲ್ಲ. ಹಾಡು ಅವರ ಹತ್ತಿರ ಬರುವ ಮುಂಚೆಯೇ ಪೂರ್ತಿಯಾಗಿತ್ತು. ಇನ್ನೊಂದು ಕಡೆ, “ಮೊದಮೊದಲು ಅವಳಿಗೆ ಇದರ ಅರ್ಥವೇ ಆಗಿರಲಿಲ್ಲ” ಎಂದು ಕ್ಲಬ್ಬಿನ ಮಾಲೀಕ ಹೇಳುತ್ತಿದ್ದ. ಇದನ್ನು ನಾನು ನಂಬುವುದಿಲ್ಲ. ಹಾಲಿಡೇ ಅವರ ತಂದೆ ಸಂಗೀತಗಾರ. 1937ರಲ್ಲಿ ಟೆಕ್ಸಾಸ್‌ನಲ್ಲಿ ನ್ಯುಮೋನಿಯಾದಿಂದ ತೀರಿಕೊಂಡರು. ಕಪ್ಪು ಮನುಷ್ಯನಿಗೆ ಸಕಾಲಕ್ಕೆ ಚಿಕಿತ್ಸೆ ಸಿಗಲಿಲ್ಲ ಎಂಬ ಸಂಕಟ ಮಗಳಿಗೆ ಕೊನೆತನಕ ಇತ್ತು. ಈ ಹಾಡು ಕೇಳಿದಾಗ ಅಪ್ಪನ ನೆನಪಾಯಿತು ಎಂದು ಅವರೇ ಹೇಳಿದ್ದಾರೆ. ಅರ್ಥ ಆಗದವರ ದನಿ ಹಾಗೆ ಬರುವುದಿಲ್ಲ.

ಸರಿ, ಪರಿಣಾಮ ಏನು? ಮಿತಿಯನ್ನೇ ಮೊದಲು ಹೇಳುತ್ತೇನೆ. ರೇಡಿಯೋದವರು ಹೆಚ್ಚಿನಂಶ ಹಾಕಲಿಲ್ಲ. ಕ್ಲಬ್ಬಿಗೆ ಬರುತ್ತಿದ್ದವರು ಮೊದಲೇ ಅನುಕಂಪ ಇದ್ದ ಪಟ್ಟಣದ ಜನ. ಲಾಸ್ ಏಂಜಲೀಸ್‌ನಲ್ಲಿ ಒಬ್ಬ ಹೆಂಗಸು ಬಂದು “ಮರದಲ್ಲಿ ಬೆತ್ತಲೆ ದೇಹಗಳು ತೂಗಾಡುತ್ತವಲ್ಲ, ಆ ಮಾದಕ ಹಾಡು ಹಾಡಿ” ಅಂತ ಕೇಳಿದ್ದನ್ನು ಹಾಲಿಡೇ ಅದೇ ಆತ್ಮಕಥೆಯಲ್ಲಿ ಹೇಳಿದ್ದಾರೆ. ಅವರು ಹಾಡಲಿಲ್ಲ. ಎಂಥ ಹಾಡಾದರೂ ತಪ್ಪು ಕಿವಿಗೆ ಬಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಆದರೂ ಅಧಿಕಾರದಲ್ಲಿದ್ದವರು ಈ ಹಾಡನ್ನು ಲೆಕ್ಕಕ್ಕೆ ತೆಗೆದುಕೊಂಡರು. 1940ರ ದಶಕದ ಆರಂಭದಲ್ಲಿ ಶಾಲೆಗಳಲ್ಲಿ ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ನ್ಯೂಯಾರ್ಕ್ ರಾಜ್ಯದ ಸಮಿತಿ ಮೀರೊಪೋಲ್ ಮೇಷ್ಟ್ರನ್ನು ಕರೆಸಿತು. “ಈ ಹಾಡು ಬರೆಯಲು ಪಕ್ಷ ನಿನಗೆ ದುಡ್ಡು ಕೊಟ್ಟಿತೇ?” ಎಂದು ಕೇಳಿತು. ಹೆಣ ನೇತುಹಾಕಿದವರನ್ನು ಯಾವ ಸಮಿತಿಯೂ ಕೇಳಲಿಲ್ಲ, ಪದ್ಯ ಬರೆದವರನ್ನು ಕೇಳಿತು. ಈ ಹಾಡಿಗಾಗಿಯೇ ಹಾಲಿಡೇ ಅವರನ್ನು ಜೈಲಿಗೆ ತಳ್ಳಿದರು ಎಂದು ಸಿನಿಮಾ ಕಥೆಯಂತೆ ಹೇಳುವವರೂ ಇದ್ದಾರೆ. ನಾನು ಅಷ್ಟು ದೂರ ಹೋಗುವುದಿಲ್ಲ. 1947ರ ಅವರ ಜೈಲುವಾಸ ಮಾದಕ ವಸ್ತುವಿನ ಕೇಸಿನದು. ಹೊರಗೆ ಬಂದ ಮೇಲೆ ಮದ್ಯ ಮಾರುವ ಜಾಗಗಳಲ್ಲಿ ಹಾಡುವ ಪರವಾನಗಿಯೂ ಹೋಯಿತು. ನ್ಯೂಯಾರ್ಕ್‌ನ ಗಾಯಕಿಗೆ ಅದು ಅನ್ನವನ್ನೇ ಕಿತ್ತುಕೊಂಡ ಹಾಗೆ. 1959ರಲ್ಲಿ 44ನೇ ವಯಸ್ಸಿಗೆ ತೀರಿಕೊಂಡರು. ಆಸ್ಪತ್ರೆಯ ಹಾಸಿಗೆಯಲ್ಲಿದ್ದಾಗಲೂ ಅವರ ಮೇಲೆ ಪೊಲೀಸ್ ಕಾವಲಿತ್ತು.

ಇದು ಕೂತು ಕೇಳುವ ಹಾಡು. ಒಬ್ಬರು ಹಾಡುತ್ತಾರೆ, ಉಳಿದವರು ಉಸಿರು ಬಿಗಿಹಿಡಿದು ಕೇಳುತ್ತಾರೆ. ‘ನನಗೆ ಗೊತ್ತಿರಲಿಲ್ಲ’ ಎನ್ನುವ ನೆಪವನ್ನು ಕೇಳುಗರಿಂದ ತೆಗೆದುಹಾಕುವುದು ಇದರ ಕೆಲಸ. ನಿಮ್ಮ ಶಾಲೆಯಲ್ಲಿ ಹಾಡುವ ಹಾಡಿನ ಜಾತಿಯೇ ಬೇರೆ. ಅದನ್ನು ಯಾರೂ ಕೂತು ಕೇಳಲು ಕಟ್ಟಲಿಲ್ಲ.

ಇಂಗ್ಲಿಷಿನಲ್ಲಿ ಅದು ‘ವಿ ಶಲ್ ಓವರ್‌ಕಮ್’, ಅಂದರೆ ನಾವು ಗೆದ್ದೇ ಗೆಲ್ಲುತ್ತೇವೆ. ಅದರ ಬೇರು ಚರ್ಚಿನ ಹಾಡುಗಳಲ್ಲಿದೆ. 1945ರಲ್ಲಿ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್‌ನಲ್ಲಿ ಸಿಗಾರ್ ಕಾರ್ಖಾನೆಯ ಮುಷ್ಕರ ಶುರುವಾಯಿತು. ಕೆಲಸಗಾರರಲ್ಲಿ ಹೆಚ್ಚಿನವರು ಕಪ್ಪು ಹೆಂಗಸರು. ದಿನದ ಕೊನೆಗೆ ಲುಸಿಲ್ ಸಿಮನ್ಸ್ ಎಂಬಾಕೆ ಈ ಹಾಡನ್ನು ನಿಧಾನವಾಗಿ, ಎಳೆದು ಹೇಳುತ್ತಿದ್ದರು. ಉಳಿದವರು ಸೊಲ್ಲು ಹಿಡಿಯುತ್ತಿದ್ದರು. ಚರ್ಚಿನಲ್ಲಿ ‘ನಾನು’ ಎಂದಿದ್ದ ಪದ ಮುಷ್ಕರದಲ್ಲಿ ‘ನಾವು’ ಆಯಿತು. ಇಡೀ ಹಾಡಿನ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ತಿದ್ದುಪಡಿ ಇಲ್ಲ. ಅಲ್ಲಿಂದ ಅದು ಟೆನೆಸಿ ರಾಜ್ಯದ ಹೈಲ್ಯಾಂಡರ್ ಎಂಬ ತರಬೇತಿ ಶಾಲೆಗೆ ಹೋಯಿತು. ಕಾರ್ಮಿಕರಿಗೆ, ಹೋರಾಟಗಾರರಿಗೆ ಪಾಠ ಹೇಳುತ್ತಿದ್ದ ಶಾಲೆ ಅದು. ಗಾಯಕ ಪೀಟ್ ಸೀಗರ್ ಅದನ್ನು ಅಲ್ಲಿಂದಲೇ ಕಲಿತು ಊರೂರಿಗೆ ಒಯ್ದರು. 1957ರಲ್ಲಿ ಆ ಶಾಲೆಗೆ ಬಂದಿದ್ದ ಮಾರ್ಟಿನ್ ಲೂಥರ್ ಕಿಂಗ್ ವಾಪಸು ಹೋಗುವಾಗ ಕಾರಿನಲ್ಲಿ ಇದನ್ನೇ ಗುನುಗುತ್ತಿದ್ದರಂತೆ.

ಅದೇ ಶಾಲೆಯ ಇನ್ನೊಂದು ಘಟನೆ ನಿಮ್ಮ ಮಕ್ಕಳಿಗೆ ಹೇಳಿ. 1959ರ ಜುಲೈ. ರಾತ್ರಿ ಪೊಲೀಸರು ದಾಳಿ ಮಾಡಿದರು. ದೀಪ ಆರಿಸಿ, ಎಲ್ಲರನ್ನೂ ಕತ್ತಲಲ್ಲಿ ಕೂರಿಸಿ, ಸಾಮಾನು ಜಾಲಾಡಿದರು. ಮಕ್ಕಳೂ ಇದ್ದರು. ಅವರಲ್ಲಿ ಒಬ್ಬಳು ಅಲಬಾಮಾದಿಂದ ಬಂದಿದ್ದ ಹದಿನಾಲ್ಕರ ಹುಡುಗಿ. ಕತ್ತಲಲ್ಲಿ ಈ ಹಾಡು ಎದ್ದಿತು. ‘ನಮಗೆ ಹೆದರಿಕೆ ಇಲ್ಲ’ ಎಂಬ ಹೊಸ ಸಾಲನ್ನು ಆಕೆ ಅಲ್ಲೇ ಸೇರಿಸಿದಳು. ಒಬ್ಬ ಪೊಲೀಸ್ ಹತ್ತಿರ ಬಂದು “ಹಾಡಲೇಬೇಕು ಅಂದರೆ ಇಷ್ಟು ಜೋರಾಗಿ ಹಾಡಬೇಕಾ?” ಅಂದನಂತೆ. ಆತ ನಡುಗುತ್ತಿದ್ದ ಎಂದು ಆಕೆ ದೊಡ್ಡವಳಾದ ಮೇಲೆ ನೆನಪಿಸಿಕೊಂಡಿದ್ದಾರೆ. ಈಗ ಆ ಸಾಲು ನಮ್ಮ ಹಿಂದಿ ಹಾಡಿನಲ್ಲೂ ಇದೆ: ‘ನಹೀ ಡರ್ ಕಿಸೀ ಕಾ ಆಜ್’. ನಿಮ್ಮ ಮಕ್ಕಳು ಬೆಳಿಗ್ಗೆ ಹಾಡುತ್ತಾರಲ್ಲ, ಅದೇ.

ಅಂದರೆ ಈ ಜಾತಿಯ ಹಾಡು ಎದುರಿನವರ ಮನಸ್ಸು ಬದಲಿಸಲು ಅಂತ ಹುಟ್ಟಿದ್ದಲ್ಲ. ಹಾಡುವವರ ಮೊಣಕಾಲು ಗಟ್ಟಿ ಮಾಡಲು ಹುಟ್ಟಿದ್ದು. 1961ರಲ್ಲಿ ಜಾರ್ಜಿಯಾದ ಆಲ್ಬನಿ ಪಟ್ಟಣದಲ್ಲಿ ನೂರಾರು ಜನ ಜೈಲಿಗೆ ಹೋದರು. ಆಗ ಕಾಲೇಜು ಹುಡುಗಿಯಾಗಿದ್ದ ಬರ್ನಿಸ್ ಜಾನ್ಸನ್ ರೇಗನ್ ಮೆರವಣಿಗೆ ಮುಗಿದ ಮೇಲೆ ಚರ್ಚಿನಲ್ಲಿ ಒಂದು ಹಳೆಯ ಭಕ್ತಿಗೀತೆ ಎತ್ತಿಕೊಂಡರು. ‘ಗಾಳಿಯಲ್ಲಿ ಕಷ್ಟ ಕಾಣುತ್ತಿದೆ’ ಅಂತ ಇತ್ತು. ಕಷ್ಟ ಎನ್ನುವ ಕಡೆ ಬಾಯಿಗೆ ಸ್ವಾತಂತ್ರ್ಯ ಎಂಬ ಪದ ಬಂತು. ನಮ್ಮ ಬೀಸುವ ಪದ, ನಾಟಿ ಪದಗಳಲ್ಲಿ ಹೀಗೆ ಸ್ಥಳದಲ್ಲೇ ಹೆಸರು ಬದಲಿಸಿ ಹಾಡುವುದು ನಿಮಗೆ ಗೊತ್ತೇ ಇದೆ. ಯಾವ ರೆಕಾರ್ಡ್ ಕಂಪನಿ ಒಪ್ಪಲಿ ಬಿಡಲಿ, ಇಂಥ ಹಾಡನ್ನು ತಡೆಯಲು ಆಗುವುದಿಲ್ಲ.

ಕಾನೂನಿಗೂ ಈ ಹಾಡಿಗೂ ನೇರವಾಗಿ ಗಂಟು ಬಿದ್ದ ಒಂದು ಗಳಿಗೆ ಇದೆ. 1965ರ ಮಾರ್ಚ್ 7ರಂದು ಅಲಬಾಮಾದ ಸೆಲ್ಮಾ ಪಟ್ಟಣದ ಸೇತುವೆ ಮೇಲೆ ಮತದಾನದ ಹಕ್ಕು ಕೇಳಿ ಹೊರಟವರನ್ನು ಪೊಲೀಸರು ರಕ್ತ ಬರುವಂತೆ ಬಡಿದರು. ಎಂಟು ದಿನದ ನಂತರ ಅಧ್ಯಕ್ಷ ಲಿಂಡನ್ ಜಾನ್ಸನ್ ಸಂಸತ್ತಿನಲ್ಲಿ ಮಾತಾಡುತ್ತಾ ಈ ಹಾಡಿನ ಸೊಲ್ಲನ್ನೇ ಹೇಳಿದರು. ಟಿವಿ ನೋಡುತ್ತಿದ್ದ ಕಿಂಗ್ ಅವರ ಕಣ್ಣಲ್ಲಿ ನೀರು ಬಂತು ಎಂದು ಜೊತೆಗಿದ್ದವರು ಹೇಳಿದ್ದಾರೆ. ಆಗಸ್ಟ್ 6ರಂದು ಮತದಾನ ಹಕ್ಕಿನ ಕಾಯ್ದೆ ಬಂತು. ಹಾಡಿನಿಂದಲೇ ಬಂತೇ? ಇಲ್ಲ. ಸೇತುವೆಗೆ ಹೋದ ಜನರಿಂದ ಬಂತು. ಆ ಜನ ಸೇತುವೆಗೆ ಹೋಗಲು ಏನು ಬೇಕಾಯಿತು ಎಂದು ನಿಮ್ಮ ಅಕ್ಕನ ಮಗನನ್ನು ಕೇಳಿ.

ಸಾವಿನ ಎದುರು ಇಂಥ ಹಾಡು ಎಲ್ಲಿತನಕ ಬರಬಲ್ಲದು ಎನ್ನುವುದಕ್ಕೆ ದಕ್ಷಿಣ ಆಫ್ರಿಕಾದ ವುಯಿಸಿಲೆ ಮಿನಿ ಸಾಕ್ಷಿ. ಆತ ಕಾರ್ಮಿಕ ಮುಖಂಡ, ಒಳ್ಳೆಯ ಕಂಠ. ವರ್ಣಭೇದ ನಡೆಸುತ್ತಿದ್ದ ಪ್ರಧಾನಿಯ ಹೆಸರು ಹಿಡಿದೇ ‘ಹುಷಾರು, ವೆರ್ವುರ್ಡ್’ ಎಂದು ಹಾಡು ಕಟ್ಟಿದ್ದರು. ರಾಗ ಕೇಳಿದರೆ ಕುಣಿಯಬೇಕು ಅನ್ನಿಸುತ್ತದೆ. 1964ರ ನವೆಂಬರ್ 6ರಂದು ಪ್ರಿಟೋರಿಯಾದಲ್ಲಿ ಅವರನ್ನು ಗಲ್ಲಿಗೇರಿಸಿದರು. ಹಾಡುತ್ತಲೇ ನೇಣುಗಂಬಕ್ಕೆ ನಡೆದರು.

ಈ ಎರಡು ಜಾತಿಯ ನಡುವೆ ಮೂರನೆಯದೊಂದು ಇದೆ, ಸಿಟ್ಟಿನ ಹಾಡು. ನನಗೆ ತುಂಬ ಇಷ್ಟವಾದದ್ದೂ ಅದೇ. ನೀನಾ ಸಿಮೋನ್ ಶಾಸ್ತ್ರೀಯ ಪಿಯಾನೋ ಕಲಿತವರು. ಹುಡುಗಿಯಾಗಿದ್ದಾಗ ಊರಿನ ಕಛೇರಿಯೊಂದರಲ್ಲಿ ಮುಂದಿನ ಸಾಲಿನಿಂದ ಅಪ್ಪ ಅಮ್ಮನನ್ನು ಎಬ್ಬಿಸಿ ಹಿಂದೆ ಕಳಿಸಿದರಂತೆ. ಅವರು ಮುಂದೆ ಬರುವವರೆಗೂ ನುಡಿಸುವುದಿಲ್ಲ ಎಂದು ಹಟ ಹಿಡಿದು ಕೂತರು. 1963ರ ಜೂನ್‌ನಲ್ಲಿ ಮಿಸ್ಸಿಸ್ಸಿಪ್ಪಿಯ ಹೋರಾಟಗಾರ ಮೆಡ್ಗರ್ ಎವರ್ಸ್ ಅವರನ್ನು ಅವರ ಮನೆ ಮುಂದೆಯೇ ಗುಂಡಿಟ್ಟು ಕೊಂದರು. ಸೆಪ್ಟೆಂಬರ್ 15ರಂದು ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಕಪ್ಪು ಜನರ ಚರ್ಚಿನಲ್ಲಿ ಬಾಂಬ್ ಸಿಡಿದು ನಾಲ್ಕು ಹುಡುಗಿಯರು ಸತ್ತರು. ಸುದ್ದಿ ಕೇಳಿದ ಸಿಮೋನ್ ಮನೆಯಲ್ಲಿದ್ದ ಸಾಮಾನೆಲ್ಲ ಹರಡಿಕೊಂಡು ಕೈಬಂದೂಕು ಮಾಡಲು ಕೂತರು! “ನಿನಗೆ ಕೊಲ್ಲೋದು ಗೊತ್ತಿಲ್ಲ, ನಿನಗೆ ಗೊತ್ತಿರೋದು ಸಂಗೀತ” ಎಂದು ಗಂಡ ಹೇಳಿದರಂತೆ. ಒಂದು ತಾಸಿನೊಳಗೆ ‘ಮಿಸ್ಸಿಸ್ಸಿಪ್ಪಿ ಗಾಡ್ಯಾಮ್’ ಸಿದ್ಧವಾಯಿತು. ಹೆಸರಿನಲ್ಲೇ ಬೈಗುಳ. ದಕ್ಷಿಣದ ಕೆಲವು ರಾಜ್ಯಗಳಲ್ಲಿ ಅದನ್ನು ಹಾಕಲೇ ಇಲ್ಲ. ರೇಡಿಯೋಗಳಿಗೆ ಕಳಿಸಿದ ರೆಕಾರ್ಡಿನ ಒಂದು ಪೆಟ್ಟಿಗೆ ವಾಪಸು ಬಂತು. ತೆರೆದರೆ ಒಂದೊಂದು ತಟ್ಟೆಯನ್ನೂ ಎರಡಾಗಿ ಮುರಿದಿದ್ದರು.

ಕೋರ್ಟಿನ ಕಡೆ ಸ್ವಲ್ಪ ನೋಡಿ. ಎವರ್ಸ್ ಅವರನ್ನು ಕೊಂದವನಿಗೆ ಶಿಕ್ಷೆಯಾಗಿದ್ದು 1994ರಲ್ಲಿ. ಚರ್ಚಿನ ಬಾಂಬಿನ ಆರೋಪಿಗಳಲ್ಲಿ ಒಬ್ಬನಿಗೆ 1977ರಲ್ಲಿ, ಇನ್ನೊಬ್ಬನಿಗೆ 2001ರಲ್ಲಿ, ಮತ್ತೊಬ್ಬನಿಗೆ 2002ರಲ್ಲಿ. 1955ರಲ್ಲಿ ಕೊಲೆಯಾದ 14 ವರ್ಷದ ಎಮೆಟ್ ಟಿಲ್‌ನ ಹಂತಕರಿಗೆ ಶಿಕ್ಷೆಯೇ ಆಗಲಿಲ್ಲ. 2022ರ ಕಾನೂನಿಗೆ ಅವನ ಹೆಸರು ಇಟ್ಟರು. ಕಡತಕ್ಕೆ ಧೂಳು ಹಿಡಿದ ಆ ವರ್ಷಗಳಲ್ಲಿ ಸತ್ತವರ ಹೆಸರು ಜನರ ಬಾಯಲ್ಲಿ ಉಳಿದದ್ದು ತಾಯಂದಿರಿಂದ, ಪತ್ರಕರ್ತರಿಂದ, ಹಾಡುಗಾರರಿಂದ.

ಈಚಿನದರ ಬಗ್ಗೆ ಒಂದೇ ಮಾತು. ಪೊಲೀಸರ ಗುಂಡಿಗೆ ಸತ್ತವರಿಗಾಗಿ 2015ರಲ್ಲಿ ಬೀದಿಗಿಳಿದ ಯುವಕರು ಕೆಂಡ್ರಿಕ್ ಲಾಮಾರ್ ಅವರ ರ‍್ಯಾಪ್ ಹಾಡೊಂದರ ಸೊಲ್ಲನ್ನು ಎತ್ತಿಕೊಂಡರು. ನಮಗೇನೂ ಆಗುವುದಿಲ್ಲ, ಸರಿಹೋಗುತ್ತದೆ ಎಂಬಷ್ಟೇ ಅರ್ಥದ ಸೊಲ್ಲು. ಯಾವ ಹಾಡು ಮೆರವಣಿಗೆಗೆ ಸೇರಬೇಕು ಎಂದು ತೀರ್ಮಾನ ಮಾಡುವುದು ಬೀದಿಯ ಜನ.

ನಮ್ಮ ಕಡೆಗೂ ಇದರ ಎಳೆ ಬಂದಿದೆ. 1972ರಲ್ಲಿ ಮುಂಬೈಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್ ತನ್ನ ಹೆಸರನ್ನೇ ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್‌ನಿಂದ ತಂದಿತು. ಅದೇ ದಶಕದಲ್ಲಿ ಕರ್ನಾಟಕದ ದಲಿತ ಚಳವಳಿಯ ಜೊತೆ ಸಿದ್ಧಲಿಂಗಯ್ಯನವರ ಹಾಡುಗಳು ತಮಟೆ ಸದ್ದಿನೊಂದಿಗೆ ಊರೂರಿಗೆ ಹೋದವು. ಜಾತಿ ಬೇರೆ, ಬಣ್ಣ ಬೇರೆ, ಎರಡನ್ನೂ ಒಂದೇ ಅನ್ನುವುದು ಬೇಡ. ಆದರೆ ಹೆದರಿದ ಊರಿನಲ್ಲಿ ಹತ್ತು ಜನ ಕೂಡಿ ಹಾಡಿದರೆ ಏನಾಗುತ್ತದೆ ಎನ್ನುವುದು ಎರಡೂ ಕಡೆಯವರಿಗೆ ಗೊತ್ತಿತ್ತು. ಬಣ್ಣದ ಹಿಂಸೆ ದೂರದ್ದು ಅಂತಲೂ ಮಕ್ಕಳಿಗೆ ಹೇಳಬೇಡಿ. 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಹೆಸರಘಟ್ಟದ ಬಳಿ ಯಾರೋ ಮಾಡಿದ ಅಪಘಾತಕ್ಕೆ ಸಂಬಂಧವೇ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳ ಮೇಲೆ ಗುಂಪು ಬಿತ್ತು. ಅಪಘಾತ ಮಾಡಿದವನೂ ಆಫ್ರಿಕಾದವನು ಎಂಬುದೇ ಕಾರಣ. ಆ ಬಗ್ಗೆ ಯಾರಾದರೂ ಕನ್ನಡದಲ್ಲಿ ಹಾಡು ಕಟ್ಟಿದ್ದನ್ನು ನಾನಂತೂ ಕೇಳಿಲ್ಲ.

ಈಗ ಯಾವ ಹಾಡು ಕೇಳಿಸಬೇಕು ಅಂದಿರಿ. ಎಂಟನೇ ಕ್ಲಾಸಿನವರಿಗೆ ಪ್ರಾರ್ಥನೆಯ ಹಾಡೇ ಸಾಕು, ಆದರೆ ಕತ್ತಲಲ್ಲಿ ಕೂತ ಆ ಹುಡುಗಿಯ ಕಥೆ ಹೇಳಿ ಹಾಡಿಸಿ. ಹತ್ತನೇ ಕ್ಲಾಸಿಗೆ ಹಾಲಿಡೇ ಅವರ ರೆಕಾರ್ಡ್ ಹಾಕಬಹುದು. ಪದ್ಯದ ಅರ್ಥ ಮೊದಲೇ ಬಿಡಿಸಿ ಹೇಳಿ. ಮೇರಿಯನ್‌ನ ಫೋಟೋ ಮಾತ್ರ ತೋರಿಸಬೇಡಿ.

ಇಂಜಿನಿಯರಿಂಗ್ ಹುಡುಗನಿಗೆ ಸಿಮೋನ್. 1964ರಲ್ಲಿ ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್‌ನಲ್ಲಿ ಜನರೆದುರು ಹಾಡಿದ ಧ್ವನಿಮುದ್ರಣವೇ ಆಗಬೇಕು. ಪಿಯಾನೋ ಕುಣಿಯುವಂತೆ ಓಡುತ್ತದೆ. ಹಾಡಿನ ಹೆಸರು ಹೇಳಿದಾಗ ಸಭೆ ನಗುತ್ತದೆ. ಇದು ನಾಟಕದ ಹಾಡು, ಆದರೆ ಆ ನಾಟಕವನ್ನು ಇನ್ನೂ ಯಾರೂ ಬರೆದಿಲ್ಲ ಎನ್ನುತ್ತಾರೆ, ಆಗಲೂ ನಗುತ್ತದೆ. ಸ್ವಲ್ಪ ಹೊತ್ತಿನ ಮೇಲೆ, ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡಿರಿ ಅಲ್ವಾ ಎಂದು ಕೇಳುತ್ತಾರೆ. ಅಲ್ಲಿಂದ ಮುಂದೆ ಸಭೆಯ ಸದ್ದನ್ನು ಗಮನಿಸಲು ಹೇಳಿ.